ಬರೆದವರಿಗೆ ಓದಲು ಸಿಗದ ಲೆಕ್ಕ

"ನಮ್ಮ ಫೀಲ್ಡ್ ಸ್ಟಾಫ್‌ಗೆ ಡೇಟಾ ಅರ್ಥ ಆಗಲ್ಲ." ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್, ಎಲ್ಲಿಯ ಸ್ವಯಂಸೇವಾ ಸಂಸ್ಥೆಯ ಕಚೇರಿಯಲ್ಲಿ ಒಂದು ಗಂಟೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ದುಷ್ಟರಲ್ಲ. ಅವರಲ್ಲಿ ಹಲವರು ಒಳ್ಳೆಯ ಸಂಬಳದ ಕೆಲಸ ಬಿಟ್ಟು ಬಂದವರು, ಬಡವರ ಮಕ್ಕಳಿಗೆ ಏನಾದರೂ ಒಳ್ಳೆಯದಾಗಲಿ ಎಂದು ನಿಜವಾಗಿ ಬಯಸುವವರು. ಮಾತಿನ ಬೆನ್ನಿಗೇ ಮದ್ದೂ ಬರುತ್ತದೆ: ಒಂದು ಆ್ಯಪ್, ಒಂದು ಡ್ಯಾಶ್‌ಬೋರ್ಡ್, ಎರಡು ದಿನದ ತರಬೇತಿ, ಎಂಜಿನಿಯರಿಂಗ್ ಓದಿದ ಒಬ್ಬ ಡೇಟಾ ಅನಲಿಸ್ಟ್. ಇಷ್ಟಕ್ಕೆ 'ಸಿಬ್ಬಂದಿಯ ಡೇಟಾ ಸಾಕ್ಷರತೆ' ಎಂದು ಹೆಸರು. ಯೋಜನಾ ಪ್ರಸ್ತಾವದಲ್ಲಿ ಅದಕ್ಕೊಂದು ಸಾಲು, ವಾರ್ಷಿಕ ವರದಿಯಲ್ಲಿ ಅದಕ್ಕೊಂದು ಫೋಟೊ.

ನಾನು ಈ ಕ್ಷೇತ್ರದಲ್ಲಿ ಬಹಳ ವರ್ಷ ದುಡಿದವನು. ಆ ಮಾತನ್ನು ನಾನೂ ಆಡಿದ್ದೇನೆ. ಈಗ ಅದು ತಪ್ಪು ಎಂದು ನನಗೆ ಖಚಿತವಾಗಿದೆ. ಮದ್ದು ಸಾಲದು ಎನ್ನುವುದು ನನ್ನ ದೂರಲ್ಲ, ರೋಗ ಇರುವುದೇ ಬೇರೆ ಕಡೆ ಎನ್ನುವುದು.

ಸಾಕ್ಷರತೆ ಎಂಬ ಪದಕ್ಕೆ ನಮ್ಮಲ್ಲಿ ಸರ್ಕಾರವೇ ಕೊಟ್ಟ ಒಂದು ಅರ್ಥವಿದೆ. ಜನಗಣತಿಯ ಪ್ರಕಾರ ಏಳು ವರ್ಷ ತುಂಬಿದವರು, ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಲೂ ಬರೆಯಲೂ ಬಲ್ಲವರಾದರೆ ಸಾಕ್ಷರರು. ಓದಲು ಬಂದು ಬರೆಯಲು ಬಾರದವರನ್ನು ಗಣತಿ ಸಾಕ್ಷರರೆಂದು ಒಪ್ಪುವುದಿಲ್ಲ. ಓದು, ಬರಹ, ಅರ್ಥ, ಮೂರೂ ಬೇಕು. ಈ ಕೋಲನ್ನೇ ಡೇಟಾಕ್ಕೂ ಹಿಡಿದು ನೋಡೋಣ. ಗುರಪ್ಪನಪಾಳ್ಯದ ಓಣಿಗಳಲ್ಲಿ ಬೆಳಿಗ್ಗೆಯಿಂದ ಮನೆ ಮನೆ ಸುತ್ತಿ, ಕೂಲಿಗೆ ಹೊರಟ ತಾಯಂದಿರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿ, ಮೊಬೈಲಿನಲ್ಲಿ ಅಂಕಿ ತುಂಬುವ ಕಾರ್ಯಕರ್ತೆಗೆ ಆ ಅಂಕಿ ಮುಂದೆ ಏನಾಯಿತೆಂದು ಓದಲು ಸಿಗುವುದಿಲ್ಲ. ಮೇಲಿನ ಮಹಡಿಯಲ್ಲಿ ಕೂತು ಗ್ರಾಫ್ ನೋಡಿ ತೀರ್ಮಾನ ಮಾಡುವವರು ಆ ನಮೂನೆಯನ್ನು ಒಂದು ದಿನವೂ ಕೈಯಾರೆ ತುಂಬಿದವರಲ್ಲ. ಬರೆಯುವವರು ಓದುತ್ತಿಲ್ಲ, ಓದುವವರು ಬರೆಯುತ್ತಿಲ್ಲ, ಅರ್ಥ ಇಬ್ಬರ ನಡುವೆ ಎಲ್ಲೋ ಬಿದ್ದುಹೋಗಿದೆ. ಜನಗಣತಿಯ ಲೆಕ್ಕದಲ್ಲಿ ಇಬ್ಬರೂ ಅನಕ್ಷರಸ್ಥರೇ. ತರಬೇತಿಗೆ ಕಳಿಸುವುದು ಮಾತ್ರ ಒಬ್ಬರನ್ನೇ.

ಇದನ್ನು ನಾನು ಕಲಿತದ್ದು ಒಂದು ನೋಟ್‌ಬುಕ್‌ನಿಂದ.

ಬನಶಂಕರಿ 6ನೇ ಹಂತದ ಕಡೆ, ಜೆ.ಪಿ. ನಗರದ ಕೊನೆಯ ಹಂತಗಳ ಆಚೆ, ಖಾಲಿ ನಿವೇಶನಗಳಲ್ಲಿ ತಗಡಿನ ಶೆಡ್‌ಗಳ ಸಾಲುಗಳನ್ನು ನೀವೂ ನೋಡಿರುತ್ತೀರಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಅಲ್ಲಿ ಇರುತ್ತವೆ. ಸುಗ್ಗಿ ಮುಗಿಸಿ ಬರುತ್ತಾರೆ, ಮುಂಗಾರು ಹಿಡಿದೊಡನೆ ಬಿತ್ತನೆಗೆ ಊರಿಗೆ ಹೊರಡುತ್ತಾರೆ. ಎಷ್ಟೋ ಮನೆಗಳಲ್ಲಿ ಇದು ವರ್ಷ ವರ್ಷದ ರೂಢಿ. ನಾನಿದ್ದ ಸಂಸ್ಥೆ ಅಲ್ಲೊಂದು ಮಕ್ಕಳ ಕಲಿಕಾ ಕೇಂದ್ರ ನಡೆಸುತ್ತಿತ್ತು. ಹಾಜರಿಗೆ ಆ್ಯಪ್ ಬಂದಿತ್ತು. ಅದರಲ್ಲಿ ಮೂರೇ ಆಯ್ಕೆ: ಹಾಜರಿ, ಗೈರು, ಡ್ರಾಪ್‌ಔಟ್. ಮೂವತ್ತು ದಿನ ಸತತ ಗೈರಾದ ಮಗುವನ್ನು ಆ್ಯಪ್ ತಾನಾಗಿಯೇ ಡ್ರಾಪ್‌ಔಟ್ ಪಟ್ಟಿಗೆ ತಳ್ಳುತ್ತಿತ್ತು. ಜನವರಿಯಲ್ಲಿ ಅದೇ ಮಗು ಮರಳಿ ಬಂದರೆ ಹಳೆಯ ಹೆಸರು ತೆರೆಯುತ್ತಿರಲಿಲ್ಲ, ಹೊಸದಾಗಿ ನೋಂದಾಯಿಸಬೇಕಿತ್ತು. ಹೀಗೆ ಒಬ್ಬಳೇ ಹುಡುಗಿ ನಮ್ಮ ದಾಖಲೆಯಲ್ಲಿ ಮೂರು ಸಲ ಸೇರಿದಳು, ಎರಡು ಸಲ ಶಾಲೆ ಬಿಟ್ಟಳು. ಫಲಾನುಭವಿಗಳ ಪಟ್ಟಿಯಲ್ಲಿ ಅವಳು ಮೂವರಾಗಿದ್ದಳು. ಫಲಾನುಭವಿಗಳು ಏರಿದ್ದಾರೆಂದು ಮೇಲಿನವರಿಗೆ ಸಮಾಧಾನ, ಡ್ರಾಪ್‌ಔಟ್ ಕೂಡ ಏರಿದೆಯೆಂದು ಕೇಂದ್ರದ ಕಾರ್ಯಕರ್ತೆಗೆ ಬುದ್ಧಿವಾದ.

"ಸಾರ್, ಅವ್ರು ಬಿಟ್ಟಿಲ್ಲ, ಊರಿಗೆ ಹೋಗವ್ರೆ. ಬಿಟ್ಟೋದೋರು ಬೇರೆ, ಊರಿಗೋದೋರು ಬೇರೆ" ಎಂದು ಆ ಅಕ್ಕ ಮೀಟಿಂಗಿನಲ್ಲಿ ಒಮ್ಮೆ ಹೇಳಿದರು. ಮೇಲಿನವರು ಮುಂದಿನ ವಿಷಯಕ್ಕೆ ಹೋಗೋಣ ಎಂದರು, ಹೋದೆವು. ಅದಾದ ಕೆಲವು ದಿನಕ್ಕೆ ಅವರ ಕೈಚೀಲದಲ್ಲಿದ್ದ ಇನ್ನೂರು ಪುಟದ ನೋಟ್‌ಬುಕ್ ನಾನು ನೋಡಿದೆ. ಪ್ರತಿ ಮಗುವಿನ ಹೆಸರಿನ ಮುಂದೆ ಅದರ ಊರು, ತಾಯಿಯ ಫೋನ್ ನಂಬರು, ಮತ್ತೆ ಆ ಕುಟುಂಬವನ್ನು ಕರೆತಂದ ಮೇಸ್ತ್ರಿಯ ಹೆಸರು. ಮೇಸ್ತ್ರಿಯ ಹೆಸರು ಯಾಕಕ್ಕ ಎಂದು ಕೇಳಿದೆ. ಅವರು ವಿವರಿಸಿದ್ದು ಇಷ್ಟು: ಕೂಲಿಯವರ ಫೋನ್ ನಂಬರು ಬದಲಾಗುತ್ತದೆ, ಶೆಡ್ ಬದಲಾಗುತ್ತದೆ, ಸೈಟ್ ಬದಲಾಗುತ್ತದೆ, ಮೇಸ್ತ್ರಿ ಸಾಮಾನ್ಯವಾಗಿ ಬದಲಾಗುವುದಿಲ್ಲ. ಮೇಸ್ತ್ರಿಗೆ ಫೋನ್ ಮಾಡಿದರೆ ಮಗು ಈಗ ಯಾವ ಊರಲ್ಲಿದೆ, ಅಲ್ಲಿ ಶಾಲೆಗೆ ಹೋಗುತ್ತಿದೆಯೇ, ಯಾವ ತಿಂಗಳು ವಾಪಸು, ಯಾವ ಬಡಾವಣೆಯ ಸೈಟಿಗೆ, ಎಲ್ಲವೂ ತಿಳಿಯುತ್ತದೆ.

ಎಂಜಿನಿಯರುಗಳು ಡೇಟಾಬೇಸ್ ಕಟ್ಟುವಾಗ ಮೊದಲು ಹುಡುಕುವುದು ಇದನ್ನೇ. ಒಬ್ಬ ವ್ಯಕ್ತಿಯನ್ನು ಎಲ್ಲಿ ಹೋದರೂ ಗುರುತು ಹಿಡಿಯಬಲ್ಲ, ಬದಲಾಗದ ಒಂದು ಗುರುತು. ನಮ್ಮ ಆ್ಯಪ್ ಮಾಡಿದವರಿಗೆ ಹೊಳೆಯದಿದ್ದದ್ದನ್ನು ಎಸ್ಸೆಸ್ಸೆಲ್ಸಿ ಓದಿದ ಈ ಹೆಂಗಸು ತಾನಾಗಿಯೇ ಕಂಡುಕೊಂಡಿದ್ದರು. ಮರು ತಿಂಗಳು ಅವರನ್ನು ಡೇಟಾ ಸಾಕ್ಷರತೆಯ ತರಬೇತಿಗೆ ಕಳಿಸಲಾಯಿತು. ಪೈ ಚಾರ್ಟ್ ಎಂದರೇನು, ಬಾರ್ ಚಾರ್ಟ್ ಎಂದರೇನು, ಎಕ್ಸೆಲ್‌ನಲ್ಲಿ ಸರಾಸರಿ ತೆಗೆಯುವುದು ಹೇಗೆ ಎಂದು ಎರಡು ದಿನ ಹೇಳಿಕೊಟ್ಟರು. ನೋಟ್‌ಬುಕ್ ಚೀಲದಲ್ಲೇ ಇತ್ತು. ಅದನ್ನು ತೆಗೆದು ತೋರಿಸಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ನಾನೂ ಅಲ್ಲೇ ಇದ್ದೆ, ನಾನೂ ಹೇಳಲಿಲ್ಲ.

ಈ ಕಾರ್ಯಕರ್ತೆಯರಿಗೆ ಲೆಕ್ಕವೆಂದರೆ ಭಯ ಎನ್ನುವವರು ತಿಲಕ್ ನಗರದಲ್ಲಿ ಒಂದು ಚೀಟಿ ನಡೆಯುವುದನ್ನು ನೋಡಬೇಕು. ಇಪ್ಪತ್ತು ಜನ ಹೆಂಗಸರು, ತಿಂಗಳಿಗೆ ಸಾವಿರ ರೂಪಾಯಿ, ಇಪ್ಪತ್ತು ತಿಂಗಳ ಕೂಗು ಚೀಟಿ. ನಾಲ್ಕನೇ ತಿಂಗಳು ಯಾರೋ ಐದು ಸಾವಿರ ಬಿಟ್ಟು ಕೂಗಿದರೆ ಅವರ ಕೈಗೆ ಹದಿನೈದು ಸಾವಿರ, ಉಳಿದ ಐದು ಸಾವಿರ ಎಲ್ಲರಿಗೂ ತಲಾ ಇನ್ನೂರೈವತ್ತು. ಈಗ ಎತ್ತಿ ಸಾಲ ತೀರಿಸುವುದು ಲಾಭವೋ, ಕೊನೆಯವರೆಗೆ ತಡೆದು ಪೂರ್ತಿ ಎತ್ತುವುದು ಲಾಭವೋ ಎಂಬುದನ್ನು ಆ ಹೆಂಗಸರು ಕಾಗದ ಮುಟ್ಟದೆ ತೂಗುತ್ತಾರೆ. ಇಂದಿನ ಹಣಕ್ಕೂ ಮುಂದಿನ ಹಣಕ್ಕೂ ಇರುವ ಅಂತರಕ್ಕೆ ಬೆಲೆ ಕಟ್ಟುವ ಲೆಕ್ಕವದು. ಕಾಮರ್ಸ್ ಪದವಿಯಲ್ಲಿ ಅದಕ್ಕೊಂದು ಅಧ್ಯಾಯವಿದೆ. ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತೆಯರಲ್ಲಿ ಬಹಳ ಮಂದಿ ಇಂಥ ಓಣಿಗಳಿಂದಲೇ ಬಂದವರು, ಚೀಟಿ ನಡೆಸಿದವರು, ಸಂಘದ ಪುಸ್ತಕ ಬರೆದವರು. ಲೆಕ್ಕ ತಮ್ಮ ಕೈಯಲ್ಲಿದ್ದಾಗ ಅವರಿಗೆ ಭಯವಿಲ್ಲ. ಬೇರೆಯವರ ಕೈಗೆ ಹೋದಾಗ ಭಯ ಹುಟ್ಟುತ್ತದೆ.

ಲೆಕ್ಕ ಜನರ ಕೈಯಲ್ಲೇ ಇರುವುದು ಕರ್ನಾಟಕಕ್ಕೆ ಹೊಸ ವಿಷಯವೂ ಅಲ್ಲ. 1968ರಲ್ಲಿ ಹುಟ್ಟಿದ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಮೈರಾಡ 1980ರ ದಶಕದಲ್ಲಿ ಹಳ್ಳಿ ಹೆಂಗಸರ ಸಣ್ಣ ಸಣ್ಣ ಸಂಘಗಳನ್ನು ಕಟ್ಟಿತು. 1987ರಲ್ಲಿ ನಬಾರ್ಡ್ ಅದಕ್ಕೆ ಹಣ ಕೊಟ್ಟಿತು, 1992ರಲ್ಲಿ ಸಂಘಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಯೋಜನೆ ದೇಶಕ್ಕೇ ಬಂತು. ಆ ಸಂಘಗಳಲ್ಲಿ ಓದು ಬಾರದ ಸದಸ್ಯೆಯರೇ ಹೆಚ್ಚು. ಆದರೂ ಲೆಕ್ಕ ನಿಂತಿತು. ಹೇಗೆಂದರೆ, ಸಭೆಯಲ್ಲಿ ಪುಸ್ತಕ ಬರೆಯುವವಳು ಬರೆದದ್ದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು: ಯಾರ ಉಳಿತಾಯ ಎಷ್ಟು, ಯಾರ ಸಾಲ ಎಷ್ಟು, ಯಾರ ಕಂತು ಬಾಕಿ. ತಪ್ಪಿದ್ದರೆ ಅಲ್ಲೇ ಜಗಳ, ಅಲ್ಲೇ ತಿದ್ದುಪಡಿ. ಸಹಿ, ಹೆಬ್ಬೆಟ್ಟು ಆಮೇಲೆ. 1980ರ ದಶಕದ ಕೊನೆಯಲ್ಲಿ ಮೈರಾಡ ಹಳ್ಳಿಯ ಜನರಿಂದಲೇ ಹಳ್ಳಿಯ ನಕ್ಷೆ ಬರೆಸತೊಡಗಿತು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬೀದಿ, ಮನೆ, ಬಾವಿ ಬರೆದು, ಕಾಳು, ಬೀಜ, ಕಲ್ಲು ಇಟ್ಟು ಎಣಿಕೆ. ಯಾರ ಮನೆ ಬಡವರದ್ದು, ಯಾರದ್ದು ಅಲ್ಲ ಎಂದು ಊರವರೇ ವಾದಿಸಿ ಬೀಜ ಸರಿಸುತ್ತಿದ್ದರು. ಜಗತ್ತಿನ ಅಭಿವೃದ್ಧಿ ತಜ್ಞರು ಈ ಪದ್ಧತಿ ನೋಡಿ ಕಲಿಯಲು ಕರ್ನಾಟಕದ ಹಳ್ಳಿಗಳಿಗೆ ಬಂದರು. ಸರಿಸಬಹುದಾದ ಬೀಜ ಎಂಬುದೇ ಅಲ್ಲಿನ ಮುಖ್ಯ ಸಂಗತಿ. ನಮ್ಮ ಇವತ್ತಿನ ಡ್ಯಾಶ್‌ಬೋರ್ಡಿನಲ್ಲಿ ಕಾರ್ಯಕರ್ತೆ ಸರಿಸಬಹುದಾದ ಬೀಜ ಯಾವುದಿದೆ?

ಅಂಗನವಾಡಿಯ ಬೆಳವಣಿಗೆ ಪಟವನ್ನೂ ನೆನೆಯಬೇಕು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ಮೊದಲ 33 ಜಾಗಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಮಗುವನ್ನು ತೂಗಿ, ಪಟದಲ್ಲಿ ವಯಸ್ಸಿನ ಗೆರೆ ಮತ್ತು ತೂಕದ ಗೆರೆ ಸೇರುವಲ್ಲಿ ಒಂದು ಚುಕ್ಕಿ. ಮುಂದಿನ ತಿಂಗಳು ಇನ್ನೊಂದು ಚುಕ್ಕಿ. ಎರಡೂ ಸೇರಿಸಿದರೆ ಗೆರೆ ಏರುತ್ತಿದೆಯೋ, ಮಲಗಿದೆಯೋ, ಇಳಿಯುತ್ತಿದೆಯೋ ಎಂದು ಪಕ್ಕದಲ್ಲಿ ಕೂತ ತಾಯಿಗೂ ಕಾಣುತ್ತದೆ. ಹಸಿರು, ಹಳದಿ, ಕೆಂಪು. ಆಕೆಗೆ ಅಕ್ಷರ ಬರಬೇಕಿಲ್ಲ. ಹಳದಿಗೆ ಇಳಿದ ಗೆರೆ ನೋಡಿ "ಹೋದ ತಿಂಗಳು ಭೇದಿ ಆಗಿತ್ತು ಮೇಡಂ" ಎಂದು ತಾಯಿ ಹೇಳಿದರೆ, ಅಂಕಿ ಯಾಕೆ ಬದಲಾಯಿತು ಎಂಬುದನ್ನು ಆಕೆ ಓದಿದಂತೆ. ಗ್ರಾಫ್ ಓದುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಮೇಲೆ ತೂಕ ಫೋನಿನೊಳಗೆ ಹೋಗುತ್ತದೆ, ಲೆಕ್ಕ ಫೋನೇ ಮಾಡುತ್ತದೆ. ತಾಯಿ ಕಾರ್ಡಿನಲ್ಲಿ ಆ ಪಟ ಇನ್ನೂ ಅಚ್ಚಾಗುತ್ತಿದೆ. ಯಾವ ಅಂಗನವಾಡಿಗಾದರೂ ಹೋಗಿ ನಾಲ್ಕು ಕಾರ್ಡು ತೆರೆದು ನೋಡಿ, ಎಷ್ಟರಲ್ಲಿ ಚುಕ್ಕಿಗಳಿವೆ ಎಂದು.

ಅಂಕಿಯನ್ನು ಕೊಟ್ಟವರಿಗೇ ಹಿಂದಿರುಗಿಸುವ ರೂಢಿಯ ನೆನಪು ಬೆಂಗಳೂರು ನಗರಕ್ಕೂ ಇರಬೇಕಿತ್ತು. ಅಹಮದಾಬಾದಿನ ಐಐಎಂ ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್ ಅವರು ಇಲ್ಲಿಯ ಜನರನ್ನೇ ಕೇಳಿ, ನೀರು, ವಿದ್ಯುತ್, ಪಾಲಿಕೆ, ಬಿಡಿಎ ಮುಂತಾದವಕ್ಕೆ ಅಂಕ ಹಾಕಿಸಿ ನಾಗರಿಕ ವರದಿ ಕಾರ್ಡ್ ಹೊರತಂದದ್ದು 1994ರಲ್ಲಿ. 1999ರಲ್ಲಿ ಮತ್ತು 2003ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಅದನ್ನು ಮತ್ತೆ ಮಾಡಿತು. ಕೊಳೆಗೇರಿಯವರನ್ನೂ ಕೇಳಿದರು, ಬಂದ ಉತ್ತರವನ್ನು ಪತ್ರಿಕೆಗಳ ಮೂಲಕ, ಸಭೆಗಳ ಮೂಲಕ ಊರಿಗೇ ಹಿಂದಿರುಗಿಸಿದರು. ಅಧಿಕಾರಿಗಳು ಜನರ ಎದುರು ಕೂತು ತಮ್ಮ ಅಂಕ ಕೇಳಿಸಿಕೊಂಡರು. ಸರ್ಕಾರಿ ಕಚೇರಿಗಳಿಂದ ಈ ಉತ್ತರದಾಯಿತ್ವ ಬೇಡಿದ ನಗರದಲ್ಲಿ, ಅದನ್ನು ಬೇಡಿದ ಸ್ವಯಂಸೇವಾ ವಲಯವೇ ತನ್ನ ಕಾರ್ಯಕರ್ತೆಯರಿಗೆ ಅಷ್ಟನ್ನೂ ಕೊಡುತ್ತಿಲ್ಲ. ಕಾರ್ಯಕರ್ತೆ ತನ್ನ ಕೇಂದ್ರದ ಹೋದ ವರ್ಷದ ಅಂಕಿ ನೋಡಬೇಕೆಂದರೆ ಯಾರಿಗೋ ಇಮೇಲ್ ಬರೆದು ಲಾಗಿನ್ ಕೇಳಬೇಕು. ಸಂಸ್ಥೆಯನ್ನು ನಡೆಸುವವರು ಕಾರ್ಯಕರ್ತೆಯರೇ, ಲೆಕ್ಕ ಓದುವಾಗ ಮಾತ್ರ ಅವರು ಆಟಕ್ಕುಂಟು ಲೆಕ್ಕಕ್ಕಿಲ್ಲ.

ಯಾಕೆ ಹೀಗಾಯಿತು? ನನ್ನ ಉತ್ತರ: ಹಣ ಬರುವ ದಾರಿ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್‌ನಿಂದ ಜಾರಿಗೆ ಬಂದು, ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕಾಯಿತು. ಅದರಿಂದ ಒಳ್ಳೆಯದಾಗಿದೆ, ಇಲ್ಲವೆನ್ನಲಾರೆ. ಆದರೆ ಹಣದೊಂದಿಗೆ ಕಂಪನಿಯ ವರದಿ ಪದ್ಧತಿಯೂ ಬಂತು, ತ್ರೈಮಾಸಿಕ ಟಾರ್ಗೆಟ್ಟೂ ಬಂತು. 2021ರ ತಿದ್ದುಪಡಿ ನಿಯಮ ದೊಡ್ಡ ಕಂಪನಿಗಳ ಒಂದು ಕೋಟಿಗೆ ಮೇಲ್ಪಟ್ಟ ಯೋಜನೆಗಳಿಗೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮ ಮೌಲ್ಯಮಾಪನ ಕಡ್ಡಾಯ ಮಾಡಿತು. 2022ರಲ್ಲಿ ಅದರ ವೆಚ್ಚದ ಮಿತಿ ಒಟ್ಟು ಸಿಎಸ್‌ಆರ್ ಖರ್ಚಿನ ಶೇ 2 ಅಥವಾ 50 ಲಕ್ಷ, ಯಾವುದು ಹೆಚ್ಚೋ ಅದು ಎಂದಾಯಿತು. ಹೊರಗಿನವರು ಬಂದು ಅಳೆಯಲು ಐವತ್ತು ಲಕ್ಷದವರೆಗೆ, ಅದಕ್ಕೂ ಮೇಲೆ, ಖರ್ಚು ಮಾಡಬಹುದು. ಒಳಗಿನವರು ಅಳೆಯಲು ಕಲಿಯುವುದಕ್ಕೆ ಆ ನಿಯಮಗಳಲ್ಲಿ ಒಂದು ಸಾಲಿಲ್ಲ. ವಿದೇಶಿ ದೇಣಿಗೆಯ ಕಾನೂನು ಇನ್ನೂ ಬಿಗಿ. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು, ವರದಿ ಬರೆಯುವ ಖರ್ಚು ಆಡಳಿತ ವೆಚ್ಚವೆಂದೇ ನಿಯಮದಲ್ಲಿದೆ. ಹೀಗಿರುವಾಗ ಕಾರ್ಯಕರ್ತೆಯರನ್ನು ತಿಂಗಳಿಗೆ ಒಂದು ದಿನ ಕೂರಿಸಿ ಅವರ ಅಂಕಿಯನ್ನು ಅವರೇ ಓದಲಿ ಎಂದರೆ ಲೆಕ್ಕಾಧಿಕಾರಿ ಅದನ್ನು ಯಾವ ತಲೆಬರಹದಡಿ ಹಾಕಬೇಕು? ಆ್ಯಪ್ ಕೊಳ್ಳುವುದು ಸುಲಭ, ಬಿಲ್ ಸಿಗುತ್ತದೆ. ತರಬೇತಿಗೂ ಬಿಲ್ ಸಿಗುತ್ತದೆ. ಯೋಚಿಸಲು ಕೊಟ್ಟ ಸಮಯಕ್ಕೆ ಬಿಲ್ ಇಲ್ಲ.

ಭಾಷೆಯ ಮಾತಿಗೆ ಬರುತ್ತೇನೆ, ಅಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕಾರ್ಯಕರ್ತೆ ಕನ್ನಡದಲ್ಲೋ ಉರ್ದುವಿನಲ್ಲೋ ತಮಿಳಿನಲ್ಲೋ ಕೇಳಿ ತಿಳಿದದ್ದನ್ನು ಇಂಗ್ಲಿಷ್ ಆ್ಯಪ್‌ಗೆ ತುಂಬುತ್ತಾಳೆ, ಅದು ಇಂಗ್ಲಿಷ್ ಡ್ಯಾಶ್‌ಬೋರ್ಡ್ ಆಗಿ ಇಂಗ್ಲಿಷ್ ವರದಿಯಾಗುತ್ತದೆ. ಆಮೇಲೆ ಆಕೆಗೆ ಡೇಟಾ ಅರ್ಥವಾಗುವುದಿಲ್ಲ ಎನ್ನುತ್ತೇವೆ. ಆಕೆಗೆ ಬಾರದ್ದು ಇಂಗ್ಲಿಷ್. ಜನಗಣತಿ ಕೂಡ 'ಯಾವುದಾದರೂ ಒಂದು ಭಾಷೆ' ಎಂದಿತು, ನಾವು ಅಷ್ಟು ಉದಾರವಾಗಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಯಾರ ಮಾಹಿತಿ ತೆಗೆದುಕೊಳ್ಳುತ್ತೇವೋ ಅವರು ಸೂಚನಾಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದಬಹುದಾಗಿರಬೇಕು. ಕನ್ನಡ, ಉರ್ದು, ತಮಿಳು ಮೂರೂ ಅಲ್ಲಿವೆ. 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆಯೂ ಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಈ ಒಪ್ಪಿಗೆಯನ್ನು ಬಾಗಿಲಲ್ಲಿ ನಿಂತು ಕೇಳಬೇಕಾದವಳು ಅದೇ ಕಾರ್ಯಕರ್ತೆ. "ನನ್ನ ಮಗಳ ಹೆಸರು, ಆಧಾರ್ ನಂಬರು ತಗೊಂಡು ಏನು ಮಾಡ್ತೀರಮ್ಮ" ಎಂದು ತಾಯಿ ಕೇಳಿದರೆ ಆಕೆ ಏನು ಹೇಳಬೇಕು? ಅದು ಎಲ್ಲಿಗೆ ಹೋಗುತ್ತದೆಂದು ಆಕೆಗೇ ನಾವು ಹೇಳಿಲ್ಲ.

ಜಯನಗರ 4ನೇ ಟಿ ಬ್ಲಾಕಿನಲ್ಲಿ ಕಚೇರಿ ಇರುವ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಶಾಲಾ ಶಿಕ್ಷಕರ ಜೊತೆ ಮಾಡಿದ ಕೆಲಸ ಇಲ್ಲಿ ನೆನಪಾಗುತ್ತದೆ. ಶಿಕ್ಷಕರಿಗೆ ಸಿದ್ಧ ತಂತ್ರಾಂಶ ಬಳಸುವುದನ್ನಷ್ಟೇ ಕಲಿಸಿ ಬಿಡದೆ, ಮುಕ್ತ ತಂತ್ರಾಂಶ ಬಳಸಿ ಕನ್ನಡದಲ್ಲೇ ತಮ್ಮ ಪಾಠ ಸಾಮಗ್ರಿಯನ್ನು ತಾವೇ ತಯಾರಿಸಿ, ತಿದ್ದಿ, ಹಂಚಿಕೊಳ್ಳುವಂತೆ ಅವರು ಮಾಡಿದರು. ಶಿಕ್ಷಕರಿಗೆ ಆದದ್ದು ಕಾರ್ಯಕರ್ತೆಯರಿಗೆ ಆಗದು ಎನ್ನಲು ಯಾವ ಆಧಾರವೂ ಇಲ್ಲ.

ನನ್ನ ಮಾತಿಗೆ ಬರುವ ಆಕ್ಷೇಪಗಳು ಗೊತ್ತು. ಮೊದಲನೆಯದು, ಕಾರ್ಯಕರ್ತೆಯರೇ ಸುಳ್ಳು ಅಂಕಿ ತುಂಬುತ್ತಾರೆ ಎನ್ನುವುದು. ಹೌದು, ತುಂಬುವವರಿದ್ದಾರೆ. ಮನೆಯಲ್ಲಿ ಕೂತು ಹಾಜರಿ ಹಾಕಿದ್ದನ್ನು ನಾನೇ ಹಿಡಿದಿದ್ದೇನೆ. ಆದರೆ ಆ ಅಂಕಿಯ ಜೀವನವನ್ನು ಆಕೆಯ ಕಡೆಯಿಂದ ನೋಡಿ. ಅದು ಮೇಲೆ ಹೋಗುತ್ತದೆ, ಕೆಳಗೆ ಬರುವಾಗ ಬೈಗುಳವಾಗಿ ಮಾತ್ರ ಬರುತ್ತದೆ. ಇಪ್ಪತ್ತೈದು ಮಕ್ಕಳ ಟಾರ್ಗೆಟ್, ಹದಿನೆಂಟೇ ಬಂದಿವೆ, ಯಾಕೆ? ಮಳೆಗೆ ಶೆಡ್ ಸೋರಿ ರಾತ್ರಿಯೆಲ್ಲ ಯಾರೂ ಮಲಗಿಲ್ಲ ಎಂದು ಬರೆಯಲು ಆ್ಯಪ್‌ನಲ್ಲಿ ಜಾಗವಿಲ್ಲ, ಮೀಟಿಂಗಿನಲ್ಲಿ ಸಮಯವಿಲ್ಲ. ಹದಿನೆಂಟು ಎಂಬ ನಿಜಕ್ಕೆ ಶಿಕ್ಷೆ, ಇಪ್ಪತ್ತೈದು ಎಂಬ ಸುಳ್ಳಿಗೆ ಶಾಂತಿ ಇದ್ದಾಗ ಹತ್ತು ಸಾವಿರ ಚಿಲ್ಲರೆ ಸಂಬಳದ ಹೆಂಗಸು ಯಾವುದನ್ನು ಆರಿಸಬೇಕು? ಈ ದೇಶದ ಸಂಖ್ಯಾಶಾಸ್ತ್ರದ ಹಿರಿಯರು ತಪ್ಪು ಅಂಕಿಯ ಬಗ್ಗೆ ಹೀಗೆ ಯೋಚಿಸಿರಲಿಲ್ಲ. ಮಹಾಲನೋಬಿಸ್ ಅವರು 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆ ಮಾಡುವಾಗ ಒಂದೇ ಪ್ರದೇಶಕ್ಕೆ ಎರಡು ಬೇರೆ ಬೇರೆ ತಂಡಗಳನ್ನು ಕಳಿಸಿ, ಇಬ್ಬರ ಅಂಕಿಗಳ ವ್ಯತ್ಯಾಸದಿಂದ ಎಣಿಕೆಯ ತಪ್ಪಿನ ಅಂದಾಜು ಹಿಡಿಯುತ್ತಿದ್ದರು. ಎಣಿಸಿದಲ್ಲಿ ತಪ್ಪು ಇದ್ದೇ ಇರುತ್ತದೆ, ಎಷ್ಟು ಎಂದು ತಿಳಿಯಬೇಕು, ಅಷ್ಟೇ. ಅವರು 1931ರಲ್ಲಿ ಕಟ್ಟಿದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ, ಬನಶಂಕರಿಯಿಂದ ದೂರವೇನಲ್ಲ. ತಪ್ಪನ್ನು ಅಳತೆಯ ಭಾಗವೆಂದು ಒಪ್ಪಿದ ಆ ಪರಂಪರೆಯ ನೆರಳಲ್ಲೇ ನಾವು ತಪ್ಪನ್ನು ಕಾರ್ಯಕರ್ತೆಯ ಅಪರಾಧ ಮಾಡಿದ್ದೇವೆ.

ಎರಡನೆಯ ಆಕ್ಷೇಪ ನಮ್ಮದೇ ಬಳಗದಿಂದ ಬರುತ್ತದೆ: ಸೇವೆ ಹೃದಯದ ಕೆಲಸ, ಅದನ್ನು ಅಂಕಿಯಲ್ಲಿ ಹಿಡಿಯಬಾರದು, ಎಣಿಕೆಯನ್ನೇ ಬಿಟ್ಟುಬಿಡಿ. ಇದನ್ನು ನಾನು ಡ್ಯಾಶ್‌ಬೋರ್ಡಿನವರ ವಾದಕ್ಕಿಂತ ಹೆಚ್ಚು ಅಪಾಯದ ಮಾತು ಎನ್ನುತ್ತೇನೆ. ಎಣಿಸದಿದ್ದರೆ ಹಿಂದೆ ಉಳಿದ ಮಗು ಕಾಣುವುದಿಲ್ಲ. ಪ್ರಥಮ್ ಸಂಸ್ಥೆ 2005ರಲ್ಲಿ ಶುರುಮಾಡಿದ ಅಸೆರ್ ಸಮೀಕ್ಷೆ ಒಂದು ಹಾಳೆಯ ಮೇಲೆ ಅಕ್ಷರ, ಪದ, ಪುಟ್ಟ ಪ್ಯಾರಾ, ಕಥೆ ಇಟ್ಟು ಮಗುವನ್ನು ಓದಿಸಿತು. ಐದನೇ ಕ್ಲಾಸಿನ ಎಷ್ಟೊಂದು ಮಕ್ಕಳಿಗೆ ಎರಡನೇ ಕ್ಲಾಸಿನ ಕಥೆ ಓದಲು ಬರುವುದಿಲ್ಲ ಎಂದು ದೇಶಕ್ಕೆ ತಿಳಿದದ್ದು ಎಣಿಸಿದ್ದರಿಂದ. ಆ ಹಾಳೆಯ ಗುಣವೆಂದರೆ ಪರೀಕ್ಷೆ ಮಾಡಿದವರಿಗೂ, ಬಾಗಿಲಲ್ಲಿ ನಿಂತ ಅಪ್ಪನಿಗೂ ಫಲಿತಾಂಶ ಅಲ್ಲೇ ಕಾಣುತ್ತದೆ. ಬೆಂಗಳೂರಿನದೇ ಆದ ಡ್ರೀಮ್ ಎ ಡ್ರೀಮ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಜೀವನ ಕೌಶಲದ ಮಾಪಕದಲ್ಲಿ ಐದೇ ಅಂಶಗಳಿವೆ. ಜೊತೆಯವರೊಡನೆ ಬೆರೆಯುವುದು, ತೊಡಕು ಬಿಡಿಸುವುದು, ತಾನಾಗಿ ಮುಂದಾಗುವುದು, ಜಗಳ ನಿಭಾಯಿಸುವುದು, ಹೇಳಿದ್ದನ್ನು ತಿಳಿದು ನಡೆಯುವುದು. ಮಗುವನ್ನು ಹತ್ತಿರದಿಂದ ನೋಡಿದವರು ಅದನ್ನು ತುಂಬುತ್ತಾರೆ. ಐದು ಅಂಶ ಮನುಷ್ಯರ ತಲೆಯಲ್ಲಿ ನಿಲ್ಲುತ್ತವೆ. ಎಪ್ಪತ್ತೆರಡು ಪ್ರಶ್ನೆಯ ಗೂಗಲ್ ಫಾರ್ಮ್ ನಿಲ್ಲುವುದಿಲ್ಲ. ಅಂಥದ್ದೊಂದನ್ನು ನಾನು ಸಿದ್ಧಪಡಿಸಿದ್ದೆ, ಅದರಲ್ಲಿ ಎಷ್ಟು ಉತ್ತರಗಳನ್ನು ನಾವು ಮರಳಿ ತೆರೆದು ನೋಡಿದೆವು ಎಂದು ಈಗ ಎಣಿಸಿದರೆ ಹನ್ನೊಂದು ದಾಟುವುದಿಲ್ಲ. ಉಳಿದ ಅರವತ್ತೊಂದು ಪ್ರಶ್ನೆಗಳಿಗೆ ಎಷ್ಟು ತಾಯಂದಿರು ಅರ್ಧ ದಿನದ ಕೂಲಿ ಕಳೆದುಕೊಂಡು ಉತ್ತರ ಹೇಳಿದರೋ.

ಹಾಗಾದರೆ ಆಗಬೇಕಾದ್ದೇನು? ಸಾಕ್ಷರತೆಯನ್ನು ಮೇಲಿನಿಂದ ಶುರುಮಾಡಿ ಎನ್ನುತ್ತೇನೆ. ನಿರ್ದೇಶಕರು, ಟ್ರಸ್ಟಿಗಳು, ಕಂಪನಿಯ ಸಿಎಸ್‌ಆರ್ ಅಧಿಕಾರಿ ವರ್ಷಕ್ಕೆ ಎರಡು ದಿನ ಓಣಿಗೆ ಹೋಗಿ ತಾವೇ ನಮೂನೆ ತುಂಬಲಿ, ಕಾರ್ಯಕರ್ತೆ ಪಕ್ಕದಲ್ಲಿ ನಿಂತು ತಿದ್ದಲಿ. ಮಧ್ಯಾಹ್ನದ ಹೊತ್ತಿಗೆ ಅವರೇ ಅರ್ಧ ಪ್ರಶ್ನೆ ಬೇಡವೆನ್ನುತ್ತಾರೆ. ತಿಂಗಳ ಮೀಟಿಂಗಿನಲ್ಲಿ ಅಂಕಿಯನ್ನು ಸಂಘದ ಪುಸ್ತಕದಂತೆ ಗಟ್ಟಿಯಾಗಿ, ಕನ್ನಡದಲ್ಲಿ, ಕೇಂದ್ರದ ಹೆಸರು ಹೇಳಿ ಓದಬೇಕು, ಯಾರ ಕೇಂದ್ರವೋ ಅವರು ಮೊದಲು ಮಾತಾಡಬೇಕು. 1994ರಲ್ಲಿ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಸರ್ಕಾರಿ ಕಾಮಗಾರಿಗಳ ಹಾಜರಿ ಪಟ್ಟಿಗಳನ್ನು ಊರ ನಡುವೆ ಓದಿಸಿದಾಗ ಕೆಲಸ ಮಾಡದವರ ಹೆಸರು, ಸತ್ತವರ ಹೆಸರು ಜನರ ಬಾಯಲ್ಲೇ ಹೊರಬಂದವು. ಕಾಗದವನ್ನು ಜೋರಾಗಿ ಓದುವುದರ ಶಕ್ತಿ ಅಷ್ಟು. ಇವೆಲ್ಲಕ್ಕಿಂತ ಮುಖ್ಯವಾಗಿ, ಒಂದು ಕಾಲಂ ಸೇರಿಸಲು ಮತ್ತು ಒಂದನ್ನು ಅಳಿಸಲು ಕಾರ್ಯಕರ್ತೆಗೆ ಹಕ್ಕಿರಬೇಕು. ಅಳಿಸುವ ಹಕ್ಕಿಲ್ಲದವರು ಬೇರೆಯವರ ಪುಸ್ತಕಕ್ಕೆ ನಕಲು ಬರೆಯುವವರು. ಅವರಿಗೆ ಎಷ್ಟು ಪೈ ಚಾರ್ಟ್ ಕಲಿಸಿದರೂ ಬದಲಾಗುವುದು ಕೈಬರಹವಷ್ಟೇ.

ಆ್ಯಪ್ ಬಿಸಾಡಿ ಎನ್ನುತ್ತಿಲ್ಲ. ಮೂರು ಆಯ್ಕೆಯ ಜಾಗದಲ್ಲಿ 'ಊರಿಗೆ ಹೋಗಿದೆ' ಎಂಬ ನಾಲ್ಕನೆಯದೊಂದನ್ನು ಸೇರಿಸಲು ಎಂಜಿನಿಯರಿಗೆ ಅರ್ಧ ದಿನ ಸಾಕು. ನಾನು ಆ ಸಂಸ್ಥೆಯಲ್ಲಿದ್ದಾಗ ಅದನ್ನು ಬರೆದು ಕೊಟ್ಟೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಹೋದ ಮುಂಗಾರಿನಲ್ಲಿ ಆ ಅಕ್ಕ ಸಿಕ್ಕಿದ್ದರು, ಜಯನಗರ 4ನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ. ಶೆಡ್‌ಗಳು ಖಾಲಿಯಾಗಿದ್ದವು, ಮಕ್ಕಳೆಲ್ಲ ಊರಿಗೆ ಹೋಗಿದ್ದರು. ಆ್ಯಪ್‌ನಲ್ಲಿ ಏನು ಹಾಕಿದಿರಿ ಎಂದು ಕೇಳಿದೆ.

"ಡ್ರಾಪ್‌ಔಟೇ ಸಾರ್" ಎಂದರು. ಚೀಲದಲ್ಲಿದ್ದ ನೋಟ್‌ಬುಕ್ ಹೊಸದು, ಹಳೆಯದು ತುಂಬಿಹೋಗಿತ್ತು.